ದಡ್ಡ ಕೈಯ ತಾಳ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಮಡಿಸಿದ ಟವೆಲ್ ಹಾಸಿಕೊಂಡು ಟಕಟಕ ಟೀಚರ್ ಡೋಲಿನ ಕೋಲನ್ನು ಬಲಗೈಗೆ ತುರುಕಿಕೊಳ್ಳುತ್ತಾರೆ. ಬೆರಳುಗಳು ತಾವಾಗಿ ಮಡಚಿಕೊಳ್ಳುವುದಿಲ್ಲ. ಎಡಗೈಯಿಂದ ಒಂದೊಂದನ್ನೇ ಮಡಚಬೇಕು. ನಾಲ್ಕು ಪೆಟ್ಟು ಹಾಕುವಷ್ಟರಲ್ಲಿ ಕೋಲು ಜಾರಿ ನೆಲ ಸೇರುತ್ತದೆ. ಪಕ್ಕದ ಹಾಳೆಯಲ್ಲಿ ಬರೆದಿದ್ದ ಆ ನಾಲ್ಕು ಪೆಟ್ಟಿನ ಸಾಲನ್ನು ಹೊಡೆದುಹಾಕಿ, ಎರಡೇ ಪೆಟ್ಟಿನದೊಂದು ಸಾಲು ಬರೆಯುತ್ತಾರೆ.

"ಅತ್ತಿಗೆ, ಆ ಕೈಗ್ಯಾಕೆ ಹಿಂಸೆ ಕೊಡ್ತೀರಿ?" ಪಕ್ಕದ ಕೋಣೆಯಿಂದ ನಾದಿನಿ ಗೊಣಗುತ್ತಾರೆ. ಅವರಿಗೆ ಈ ಸದ್ದೇ ಅಲಾರಂ.

ಟಕಟಕ ಎಂಬುದು ಶಾಲೆಯ ಮಕ್ಕಳು ಇಟ್ಟ ಹೆಸರು. ಕೋಲು ಹಿಡಿಯಲು ಈಗಷ್ಟೇ ಕಲಿತವರು ಒಟ್ಟಾಗಿ ನುಡಿಸಬಲ್ಲ ಪುಟ್ಟ ತಾಳವಾದ್ಯ ರಚನೆಗಳನ್ನು ಕಟ್ಟುವುದು ಟೀಚರ್ ಅವರ ಕೆಲಸ. ಅಂಥವನ್ನು ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ. ಬರೆದದ್ದನ್ನೆಲ್ಲ ಮೊದಲು ಎಡಗೈಯಲ್ಲಿ ನುಡಿಸಿ ನೋಡುವುದು ಇವರ ರೂಢಿಯಾಗಿತ್ತು. "ನನ್ನ ಎಡಗೈ ದಡ್ಡ. ಅದಕ್ಕೆ ಬಂದ್ರೆ ಹೊಸ ಮಕ್ಕಳಿಗೂ ಬರುತ್ತೆ ಅಂತ ಲೆಕ್ಕ," ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಬರೆಯುವುದು, ಬಾಚುವುದು, ಬಾರಿಸುವುದು ಎಲ್ಲವೂ ಎಡಗೈ ಪಾಲಿಗೆ ಬಂತು. ದಡ್ಡ ಕೈ ಯಾವಾಗ ಜಾಣ ಕೈಯಾಯಿತೋ ಇವರಿಗೇ ತಿಳಿಯಲಿಲ್ಲ. ಅದು ಇನ್ನೂ ದಡ್ಡ ಎಂದೇ ನಂಬಿ ಕಳೆದ ವಾರ್ಷಿಕೋತ್ಸವಕ್ಕೆ ಬರೆದ ರಚನೆ ಮಕ್ಕಳಿಗೆ ಕಬ್ಬಿಣದ ಕಡಲೆಯಾಯಿತು. ವೇದಿಕೆಯ ಮೇಲೆ ಒಬ್ಬೊಬ್ಬರಾಗಿ ಕೋಲು ಕೆಳಗಿಟ್ಟರು. ಒಬ್ಬಳು ಅಳುತ್ತಲೇ ಬಾರಿಸಿದಳು, ಸಭೆ ನಕ್ಕಿತು. ಆಮೇಲೆ ಮೂವರು ತರಗತಿಯನ್ನೇ ಬಿಟ್ಟರು.

"ನಮ್ಮ ಕೈಲಿ ಆಗಲ್ಲ ಅಂದ್ಕೊಂಡು ಹೋದ್ವು, ಪಾಪದವು. ತಪ್ಪು ನನ್ನದು ಅಂತ ಮನೆಮನೆಗೆ ಹೋಗಿ ಹೇಳ್ದೆ. ಯಾವ ಮಗೂನೂ ವಾಪಸ್ ಬರ್ಲಿಲ್ಲ." ಇದನ್ನು ಹೇಳುವಾಗ ಟೀಚರ್ ಮುಖ ಎತ್ತುವುದಿಲ್ಲ. ಆ ನೋವು ಕೈಯ ನೋವಿಗಿಂತ ದೊಡ್ಡದು.

ಈ ಸಲವೂ ಎಡವಟ್ಟಾದರೆ ತರಗತಿಗೆ ಬೀಗ ಎಂದು ಹೆಡ್‌ಮಿಸ್ ಕಡ್ಡಿ ಮುರಿದಂತೆ ಹೇಳಿದ್ದಾರೆ. ಅದಕ್ಕೇ ಈಗ ಪರೀಕ್ಷೆ ಬಲಗೈಗೆ; ಈಗಿನ ದಡ್ಡ ಕೈ ಅದೇ. ಅದು ಇನ್ನು ಸುಧಾರಿಸುವುದಿಲ್ಲ, ದಿನ ಕಳೆದಂತೆ ಮರಗಟ್ಟಲೂಬಹುದು ಎನ್ನುತ್ತಾರೆ ಡಾಕ್ಟರು. ನಿನ್ನೆ ಮಾತ್ರ ಅರ್ಧ ಖಾಲಿಯಾದ ಸಂಗೀತದ ಕೋಣೆಯಲ್ಲಿ, ಉಳಿದ ಮಕ್ಕಳು ಬಲಗೈ ಒಪ್ಪಿದ ಹೊಸ ರಚನೆಯನ್ನು ಎಲ್ಲೂ ನಿಲ್ಲಿಸದೆ ಕೊನೆಮುಟ್ಟಿಸಿದರು. ಪ್ರದರ್ಶನಕ್ಕೆ ಇನ್ನೂ ಎರಡು ರಚನೆ ಬೇಕು.

"ಕೈ ವಾಸಿಯಾಗ್ಲಿ ಅಂತ ನಾದಿನಿ ಬೇಡ್ಕೋತಾಳೆ. ನನಗೆ ಅಷ್ಟಾಸೆ ಇಲ್ಲ. ಇಷ್ಟಾದ್ರೂ ಅಲ್ಲಾಡ್ತಾ ಇರ್ಲಿ," ಎನ್ನುತ್ತಾ ಟೀಚರ್ ಬೆರಳುಗಳನ್ನು ಮತ್ತೆ ಒಂದೊಂದಾಗಿ ಮಡಚುತ್ತಾರೆ. "ಮಕ್ಕಳ ಕಷ್ಟ ಏನು ಅಂತ ಈ ಮನೇಲಿ ಗೊತ್ತಿರೋದು ಇದಕ್ಕೊಂದಕ್ಕೇ."