ಡೇರಿಯ ಗೋಡೆಯಲ್ಲಿ ನಾನು ಅಳಿಸಿದ ಚುಕ್ಕಿ

ನಾನು ಬೇಲೂರಿನಲ್ಲಿ ಕಂಪ್ಯೂಟರ್ ಕಲಿಸುವವಳು. ವೆಬ್ ಪುಟದಲ್ಲಿ ಗ್ರಾಫು ಮೂಡಿಸುವ ಕೆಲಸದಲ್ಲಿ ಈ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಗೆಂಡೆಹಳ್ಳಿ ಹತ್ತಿರದ ನಮ್ಮೂರಿನ ಹಾಲಿನ ಡೇರಿಯ ಕಾರ್ಯದರ್ಶಿ, ಪ್ರತಿಯೊಬ್ಬರ ಹಾಲಿನ ಫ್ಯಾಟು ಗೋಡೆಯ ಟಿವಿಯಲ್ಲಿ ದಿನಾ ಕಾಣುವ ಹಾಗೆ ಮಾಡಿಕೊಡಮ್ಮ ಅಂದಾಗ ಒಂದೇ ಭಾನುವಾರದಲ್ಲಿ ಮುಗಿಸಿಕೊಟ್ಟೆ. ಫ್ಯಾಟು ಅಂದರೆ ಹಾಲಿನಲ್ಲಿರುವ ಕೊಬ್ಬು. ನಮ್ಮೂರಿನಲ್ಲಿ ಮನೆಯ ಮರ್ಯಾದೆಯನ್ನೂ ಅದರಲ್ಲೇ ಅಳೆಯುತ್ತಾರೆ.

ಗ್ರಾಫಿನ ಎಡಪಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ ಅಂಕಿಗಳು ನಿಂತಿದ್ದವು: 3.2, 3.4, 3.6, 3.8. ಚುಕ್ಕಿ, ಅದರ ಪಕ್ಕ ಇನ್ನೊಂದು ಅಂಕಿ, ನನಗೆ ಗಿಜಿಗಿಜಿ ಅನ್ನಿಸಿತು. ದಶಮಾಂಶ ಬೇಡ, ಹತ್ತಿರದ ಪೂರ್ಣ ಸಂಖ್ಯೆಯಷ್ಟೇ ತೋರಿಸು ಎಂದು ಒಂದು ಸಾಲು ಬರೆದೆ. ಆಹಾ, ಎಷ್ಟು ಚೊಕ್ಕ! 3, 3, 4, 4. ಒಂದೇ ಅಂಕಿ ಎರಡೆರಡು ಸಲ ನಿಂತಿದ್ದರೂ ನನಗೆ ಎಚ್ಚರವಾಗಲಿಲ್ಲ, ಮಂಕುದಿಣ್ಣೆ ನಾನು.

ಊರಿನಲ್ಲಿ ನಮ್ಮ ಮನೆಯ ಹಿಂದಿರುವ ಅಕ್ಕನಿಗೆ ಇದ್ದದ್ದು ಒಂದೇ ಹಸು. ಮಳೆ ಹಿಡಿದು, ಎಳೆ ಹುಲ್ಲು ಮೇಯ್ದು, ಅದರ ಫ್ಯಾಟು 3.6ರಿಂದ 3.4ಕ್ಕೆ ಇಳಿಯಿತು. ಅಷ್ಟು ಎಲ್ಲರ ಮನೆಯಲ್ಲೂ ಇಳಿಯುತ್ತದೆ. ಆದರೆ ಟಿವಿಯಲ್ಲಿ ಅವಳ ಗೆರೆ ನಾಲ್ಕರಿಂದ ಮೂರಕ್ಕೆ ಧೊಪ್ಪನೆ ಬಿದ್ದಿತ್ತು. ಇಡೀ ಒಂದು ಅಂಕಿ ಬಿತ್ತೆಂದರೆ ನಮ್ಮಲ್ಲಿ ಒಂದೇ ಅರ್ಥ, ನೀರು ಬೆರೆಸಿದ್ದಾರೆ. ಡೇರಿಯ ಚೀಟಿಯಲ್ಲಿ ಸರಿಯಾಗಿಯೇ ಬರೆದಿತ್ತು. ಚೀಟಿ ಅವಳ ಸೆರಗಿನ ಗಂಟಿನಲ್ಲಿ, ಟಿವಿ ಊರಿನವರ ಕಣ್ಣೆದುರಿಗೆ.

ನಮ್ಮ ಡೇರಿಯಲ್ಲಿ ಜನ ಸಾಲು ನಿಲ್ಲುವುದಿಲ್ಲ, ಕ್ಯಾನುಗಳು ನಿಲ್ಲುತ್ತವೆ. ಕ್ಯಾನಿಟ್ಟು ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಮಾರನೆಯ ಬೆಳಿಗ್ಗೆ ಯಾರೋ ಅವಳ ಕ್ಯಾನನ್ನು ಸಾಲಿನಿಂದೆತ್ತಿ ನಲ್ಲಿಯ ಕೆಳಗೆ ಇಟ್ಟಿದ್ದರು. ಎಲ್ಲರೂ ನಕ್ಕರು. ಅವಳು ಹಾಲನ್ನು ವಾಪಸು ಮನೆಗೆ ಹೊತ್ತುಕೊಂಡು ಹೋದಳು. ಆಮೇಲೆ ಡೇರಿಯ ಕಡೆ ತಲೆ ಹಾಕಲಿಲ್ಲ.

ಅಮ್ಮ ಫೋನಿನಲ್ಲಿ ಇದನ್ನು ಹೇಳಿದಾಗ ಗ್ರಾಫು ತೆಗೆದು ನೋಡಿದೆ. ಒಂದೇ ನಿಮಿಷಕ್ಕೆ ಗೊತ್ತಾಯಿತು. ಚುಕ್ಕಿ ವಾಪಸು ಹಾಕಿ, ಸಂಜೆಯ ಬಸ್ಸಿಗೆ ಊರಿಗೆ ಹೋದೆ.

"ಅಕ್ಕಾ, ತಪ್ಪು ನಂದು. ಸರಿ ಮಾಡಿದೀನಿ, ನಾಳೆ ಹಾಲು ತಗೊಂಡು ಬಾ" ಅಂದೆ.

ಅವಳು ಹಸುವಿನ ಮೈ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಚುಕ್ಕಿ ನುಂಗ್ದೋಳು ನೀನು, ಕಳ್ಳಿ ಆದೋಳು ನಾನು. ನನ್ ಹಿತ್ಲಲ್ಲಿ ಹೇಳಿದ್ರೆ ಏನ್ ಬಂತು? ಅಲ್ಲಿ ಹೇಳು ಹೋಗು. ಆಮೇಲೆ ಬತ್ತೀನಿ."

ನ್ಯಾಯವಾದ ಮಾತು. ಬೆಳಿಗ್ಗೆ ಅವಳ ಜೊತೆಯಲ್ಲೇ ಹೋದೆ. ಅವಳು ಕ್ಯಾನು ಹಿಡಿದು ಬಾಗಿಲ ಆಚೆಗೇ ನಿಂತಳು. ನಾನು ಟಿವಿಯ ಮುಂದೆ ನಿಂತು, ಮೊದಲಿನ ಅಂಕಿಗಳನ್ನೂ ಈಗಿನವನ್ನೂ ತೋರಿಸಿ, ಎಡವಿದ್ದೆಲ್ಲಿ ಎಂದು ಬಿಡಿಸಿ ಹೇಳಿದೆ.

ಕಟ್ಟೆಯ ಮೇಲಿದ್ದ ತಾತನೊಬ್ಬ, "ಏನವ್ವಾ, ಅಂಗಾದ್ರೆ ಹಾಲಲ್ಲಿ ನೀರು ಇರ್ನಿಲ್ವಾ?" ಅಂದ.

"ಇಲ್ಲ ತಾತ. ನೀರು ಬೆರೆಸಿದ್ದು ನಾನು, ಲೆಕ್ಕದಲ್ಲಿ."

ಯಾರೂ ನಗಲಿಲ್ಲ. ಅಕ್ಕ ಒಳಗೆ ಬಂದು, ಸಾಲಿನ ಕೊನೆಯಲ್ಲಿ ಕ್ಯಾನಿಟ್ಟು, ಸರದಿ ಬರುವವರೆಗೂ ಅದರ ಪಕ್ಕದಲ್ಲೇ ನಿಂತಳು. ಹಾಲು ಪರೀಕ್ಷೆ ಮಾಡುವವನು ಯಂತ್ರ ನೋಡಿ, "ಮೂರು ಪಾಯಿಂಟ್ ನಾಲ್ಕು" ಅಂದ.

ಅವಳು ಕಟ್ಟೆಯ ಕಡೆ ತಿರುಗಿ ನಿಂತಳು.

"ಇನ್ನೊಂದ್ಸಲ ಹೇಳಣ್ಣ" ಅಂದಳು. "ಜೋರಾಗಿ."