ಡಿಕ್ಕಿಯೊಳಗಿನ ಕರಿಮಣಿ

ನನ್ನ ಕಾರಿನಲ್ಲಿ ನಾನು ಯಾರ ಹಂಗೂ ಇಲ್ಲದೆ ಮಾಡಬಹುದಾದ ಕೆಲಸ ಒಂದೇ ಒಂದು: ಗಾಜು ತೊಳೆಯುವ ನೀರನ್ನು ತುಂಬುವುದು. ಬಾನೆಟ್ ಎತ್ತಿದರೆ ಕಾಣುವುದು ಒಂದು ಕರಿಯ ಪ್ಲಾಸ್ಟಿಕ್ ಹೊದಿಕೆ, ಅದರ ಅಂಚಿನಲ್ಲಿ ನೀಲಿ ಬಣ್ಣದ ಪುಟ್ಟ ಮುಚ್ಚಳ. ಆ ಮುಚ್ಚಳದಾಚೆಗಿನದೆಲ್ಲ ಗರ್ಭಗುಡಿಯ ವಿಷಯ. ನನ್ನಂಥ ಸಾಮಾನ್ಯ ಭಕ್ತನಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಒಂದು ಚೊಂಬು ನೀರು ಹೊಯ್ದು, ಕೈ ಒರೆಸಿಕೊಂಡು, ದೊಡ್ಡ ರಿಪೇರಿ ಮುಗಿಸಿದವನ ಠೀವಿಯಲ್ಲಿ ಒಳಗೆ ಬರುತ್ತೇನೆ. ಹೆಂಡತಿ ಸುಮತಿ ನೋಡಿಯೂ ನೋಡದವಳಂತೆ ಇರುತ್ತಾಳೆ. ಅದು ಅವಳ ಔದಾರ್ಯ.

ಹಿಂದೆ ಹೀಗಿರಲಿಲ್ಲ. ಹದಿನೇಳು ವರ್ಷ ನನ್ನ ಬಳಿ ಇದ್ದ ಬಿಳಿಯ ಸಣ್ಣ ಕಾರಿನ ಅಂತರಂಗ ನನ್ನ ಅಂತರಂಗಕ್ಕಿಂತ ನನಗೆ ಚೆನ್ನಾಗಿ ತಿಳಿದಿತ್ತು. ಪ್ಲಗ್ ಬಿಚ್ಚಿ ಉಜ್ಜುವುದು, ಬೆಲ್ಟ್ ಬಿಗಿ ಮಾಡುವುದು, ಬಲ್ಬ್ ಬದಲಿಸುವುದು ಎಲ್ಲವನ್ನೂ ನನಗೆ ಕಲಿಸಿದವರು ಹಿರಿಯಡ್ಕದ ಸಂಜೀವಣ್ಣ. ಪೇಟೆಯ ತುದಿಯಲ್ಲಿ ತಗಡಿನ ಮಾಡಿನ ಗ್ಯಾರೇಜು ಅವರದು. ಉಡುಪಿಯಿಂದ ಕಾರ್ಕಳದ ಕಾಲೇಜಿಗೆ ಪಾಠ ಮಾಡಲು ಹೋಗಿಬರುತ್ತಿದ್ದ ನಾನು, ಕಾರಿಗೆ ಕಾಯಿಲೆ ಇರಲಿ ಇಲ್ಲದಿರಲಿ, ವಾರಕ್ಕೊಮ್ಮೆ ಅಲ್ಲಿ ನಿಲ್ಲುತ್ತಿದ್ದೆ. ಅವರು ಕೆಲಸ ಮಾಡುತ್ತಿದ್ದರು, ನಾನು ಮಾತಾಡುತ್ತಿದ್ದೆ. ಕೆಲವೊಮ್ಮೆ ನಾನು ಕೆಲಸ ಮಾಡುತ್ತಿದ್ದೆ, ಅವರು ನಗುತ್ತಿದ್ದರು.

ಮೂರು ವರ್ಷಗಳ ಹಿಂದೆ, ಕಾಪುವಿನಲ್ಲಿರುವ ನನ್ನ ಷಡ್ಡಕ ಮತ್ತೆ ಗಲ್ಫಿಗೆ ಹೊರಟಾಗ ತನ್ನ ದೊಡ್ಡ ಕಾರನ್ನು ನನಗೆ ಅಗ್ಗದಲ್ಲಿ ಕೊಟ್ಟ. ವಾಹನಯೋಗ ಒದಗಿತೆಂದು ಹಿಗ್ಗಿದೆ. ಅದು ವಾಹನರೋಗವೆಂದು ತಿಳಿಯಲು ಮೊದಲ ಸರ್ವಿಸೇ ಸಾಕಾಯಿತು. ಮುಂದಿನ ದೀಪದ ಒಂದು ಬಲ್ಬ್ ಹೋದರೆ ಬಂಪರ್ ಕಳಚಬೇಕು, ಬಂಪರ್ ಕಳಚಲು ಮಣಿಪಾಲಕ್ಕೆ ಹೋಗಬೇಕು. ಅಲ್ಲಿ ಗಾಜಿನ ಗೋಡೆಯ ಈಚೆ ನನಗೆ ಕಾಫಿ, ಆಚೆ ಕಾರಿಗೆ ಚಿಕಿತ್ಸೆ. ಬಿಲ್ಲು ನೋಡಿದಾಗ ಕಾಫಿಯೂ ಕಹಿಯಾಗುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆ ಕಾರು ಬಂದಮೇಲೆ ನಾನು ಸಂಜೀವಣ್ಣನ ಗ್ಯಾರೇಜಿನ ಮುಂದೆ ನಿಲ್ಲುವುದನ್ನೇ ಬಿಟ್ಟೆ. ಹಳೆಯ ಕಾರನ್ನು ಅವರಿಗೊಂದು ಮಾತು ಹೇಳದೆ ಮಾರಿದ್ದೆ. ಹೊಸದರಲ್ಲಿ ಅವರಿಗೆ ಕೆಲಸವಿರಲಿಲ್ಲ. ಯಾವ ಮುಖ ಹೊತ್ತು ನಿಲ್ಲಲಿ? ಗ್ಯಾರೇಜು ಹತ್ತಿರವಾಗುತ್ತಲೇ ಕಾರಿನ ಕಿಟಕಿ ಏರಿಸಿ, ರಸ್ತೆಯ ಬಲಬದಿಯ ಸೃಷ್ಟಿಸೌಂದರ್ಯವನ್ನು ನೋಡುತ್ತ ಸಾಗುತ್ತಿದ್ದೆ.

ಕಳೆದ ವೈಶಾಖದಲ್ಲಿ ನನ್ನ ಅಕ್ಕನ ಮಗ ಪ್ರಸಾದನ ಮದುವೆ ಕಾರ್ಕಳದಲ್ಲಿ ನಡೆಯಿತು. ನಾನು ಮದುಮಗನ ಸೋದರಮಾವ. ನಮ್ಮಲ್ಲಿ ಸೋದರಮಾವನಿಗೆ ಎಷ್ಟು ಗೌರವವೋ ಅಷ್ಟೇ ಹೊಣೆ. ಮದುಮಗಳಿಗೆ ಕೊಡುವ ಧಾರೆ ಸೀರೆ ಮತ್ತು ಕರಿಮಣಿಯನ್ನು ಅಕ್ಕ ನನ್ನ ವಶಕ್ಕೆ ಒಪ್ಪಿಸಿದ್ದಳು. ಹನ್ನೊಂದೂವರೆಗೆ ಮುಹೂರ್ತ. ದಿಬ್ಬಣದ ಬಸ್ಸು ಮುಂದೆ ಹೋಯಿತು. ಸೀರೆ, ಕರಿಮಣಿಗಳಿದ್ದ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ನಾವಿಬ್ಬರು ಹಿಂದಿನಿಂದ ಹೊರಟೆವು. ಹಿರಿಯಡ್ಕದಲ್ಲಿ ಸುಮತಿ ಮಲ್ಲಿಗೆ ಬೇಕೆಂದಳು. ಇಳಿದು, ಬಾಗಿಲು ಹಾಕಿ, ಒಂದು ಚೆಂಡು ಮಲ್ಲಿಗೆ ಕೊಂಡು ಮರಳುವಷ್ಟರಲ್ಲಿ ಕಾರು ಸತ್ತಿತ್ತು. ಕೈಯಲ್ಲಿದ್ದ ರಿಮೋಟನ್ನು ಎಷ್ಟು ಒತ್ತಿದರೂ ಬಾಗಿಲು ತೆರೆಯಲಿಲ್ಲ, ದೀಪ ಮಿಣುಕಲಿಲ್ಲ.

ಮಣಿಪಾಲದ ಸರ್ವಿಸ್ ಸೆಂಟರಿಗೆ ಫೋನು ಮಾಡಿದೆ. ಬ್ಯಾಟರಿ ಹೋಗಿರಬಹುದು, ಜನ ಬರಲು ಎರಡು ಗಂಟೆಯಾದರೂ ಬೇಕು ಎಂದರು. ಬ್ಯಾಟರಿ ಎಲ್ಲಿದೆ ಎಂದು ಕೇಳಿದರೆ, ಡಿಕ್ಕಿಯ ಅಡಿಯಲ್ಲಿ. ಡಿಕ್ಕಿ ತೆರೆಯುವುದು ಹೇಗೆ? ಬ್ಯಾಟರಿಯಿಂದ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಅದನ್ನು ನಡುಬೀದಿಯಲ್ಲಿ ರೇಷ್ಮೆ ಅಂಗಿ ತೊಟ್ಟು ಅನುಭವಿಸುವ ಭಾಗ್ಯ ತಾರ್ಕಿಕರಿಗೂ ಸಿಕ್ಕಿರಲಾರದು. ಆಗ ಗಂಟೆ ಹತ್ತು ಕಳೆದಿತ್ತು.

ಅಕ್ಕನ ಫೋನು ಬಂತು. ಸುಮತಿ ಎತ್ತಿ, "ಹಿರಿಯಡ್ಕದಲ್ಲಿ ಇದ್ದೇವೆ ಅತ್ತಿಗೆ, ಈಗ ಬಂದೆವು" ಎಂದಳು. ಮೊದಲರ್ಧ ಮಾತ್ರ ಸತ್ಯ. ಆಮೇಲೆ ನನ್ನ ಕಡೆ ತಿರುಗಿ, "ಸಂಜೀವಣ್ಣನನ್ನು ಕರೆಯಿರಿ" ಎಂದಳು.

"ಅವರಿಗೆ ಈ ಕಾರು ಗೊತ್ತಿಲ್ಲ."

"ನಿಮಗೆ ಗೊತ್ತುಂಟಾ?"

ನಡೆದೆ. ಇನ್ನೂರು ಹೆಜ್ಜೆಯ ದಾರಿ ಮೂರು ವರ್ಷದಷ್ಟು ಉದ್ದವಿತ್ತು. ಸಂಜೀವಣ್ಣ ಸ್ಟೂಲಿನ ಮೇಲೆ ಕುಳಿತು ಸ್ಕೂಟರಿನ ಬ್ರೇಕು ಬಿಚ್ಚುತ್ತಿದ್ದರು. ತಲೆಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕ್ಷಮೆ, ಪೀಠಿಕೆ ಎಲ್ಲ ಬಿಟ್ಟು ಕರಿಮಣಿಯ ವಿಷಯ ಹೇಳಿದೆ. ಅವರು ಕೈ ಒರೆಸಿಕೊಂಡು ಎದ್ದರು.

ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದರು. "ನಿಲ್ಲುವ ಮೊದಲು ಎಂತ ಆಯ್ತು ಮಾಸ್ಟ್ರೇ? ಬೆಳಿಗ್ಗೆ ಸ್ಟಾರ್ಟ್ ಆಗುವಾಗ ತಡೆದಿತ್ತಾ?"

ತಡೆದಿತ್ತು. ಎರಡು ದಿನದಿಂದ ತಡೆಯುತ್ತಿತ್ತು. ಯಾರೂ ಕೇಳದ್ದರಿಂದ ನಾನು ಯಾರಿಗೂ ಹೇಳಿರಲಿಲ್ಲ.

"ಬೇರೆ ಬ್ಯಾಟರಿಯಿಂದ ವಯರು ಕೊಟ್ಟು ನೋಡಬಹುದು. ಆದರೆ ಇದರ ಒಳಗೆ ಕಂಪ್ಯೂಟರ್ ಉಂಟು, ಹೆಚ್ಚುಕಮ್ಮಿ ಆದರೆ ನಿಮಗೆ ದೊಡ್ಡ ಖರ್ಚು. ನಾನು ಕಲಿಯದ ಗಾಡಿಗೆ ಕೈ ಹಾಕುವುದಿಲ್ಲ" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. "ಈಗ ಗಾಡಿ ಹೋಗುವುದು ಬೇಡ. ಪೆಟ್ಟಿಗೆ ಹೋದರೆ ಸಾಕಲ್ವಾ? ಆ ರಿಮೋಟು ಕೊಡಿ."

ರಿಮೋಟನ್ನು ತಿರುಗಿಸಿ ಮುರುಗಿಸಿ, ಉಗುರಿನಿಂದ ಒಂದು ಗುಂಡಿ ಒತ್ತಿ ಎಳೆದರು. ಒಳಗಿನಿಂದ ಬೆರಳುದ್ದದ ಒಂದು ಬೀಗದ ಕೈ ಹೊರಬಂತು. ಮೂರು ವರ್ಷ ನಾನು ಅದನ್ನು ಕಿಸೆಯಲ್ಲಿ ಹೊತ್ತು ತಿರುಗಿದ್ದೆ. "ಬಾಗಿಲು ಅಂದಮೇಲೆ ಎಲ್ಲಿಯಾದರೂ ಒಂದು ಕೀ ಇರಲೇಬೇಕು ಮಾರಾಯ್ರೆ" ಎಂದು ಚಾಲಕನ ಬಾಗಿಲು ತೆರೆದರು. ಹಿಂದಿನ ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿದಾಗ ಡಿಕ್ಕಿಗೊಂದು ಕಿರಿದಾದ ಸುರಂಗ ಕಂಡಿತು. ನನ್ನ ಹೊಟ್ಟೆ ಒಪ್ಪಲಿಲ್ಲ. ಅವರ ಮಂಡಿ ಒಪ್ಪಲಿಲ್ಲ. ಸುಮತಿ ಮಲ್ಲಿಗೆಯನ್ನು ನನ್ನ ಕೈಗಿತ್ತು, ಸೆರಗು ಸಿಕ್ಕಿಸಿ, ಒಳಗೆ ತೂರಿದಳು. ಎರಡು ನಿಮಿಷ ನಮಗೆ ಕಂಡದ್ದು ಅವಳ ಪಾದಗಳು ಮಾತ್ರ. ಅವಳು ಪೆಟ್ಟಿಗೆಯೊಂದಿಗೆ ಹೊರಬಂದಾಗ ಕೆದರಿದ ಕೂದಲಿನ ಆ ಮುಖ ನನಗೆ ನಮ್ಮ ಮದುವೆಯ ದಿನಕ್ಕಿಂತ ಚೆಂದ ಕಂಡಿತು.

"ನೀವು ಬಸ್ಸಿಗೆ ಹೋಗಿ. ಗಾಡಿಯ ಹತ್ತಿರ ನಾನಿರ್ತೇನೆ" ಎಂದರು ಸಂಜೀವಣ್ಣ, ಆಗಲೇ ಬರುತ್ತಿದ್ದ ಕಾರ್ಕಳದ ಬಸ್ಸಿಗೆ ಕೈ ಅಡ್ಡ ಹಿಡಿದು. ಕಂಡಕ್ಟರಿಗೆ ಅವರೇ ತುಳುವಿನಲ್ಲಿ ವಿಷಯ ತಿಳಿಸಿದರು. ಅವನು ಎರಡು ಸೀಟು ತೆರವು ಮಾಡಿಸಿ, ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ನಮ್ಮ ಊರಿನ ಬಸ್ಸುಗಳ ವೇಗವನ್ನು ಜೀವಮಾನವಿಡೀ ಬೈದವನು ನಾನು. ಅಂದು ಮಾತ್ರ ಕಣ್ಣುಮುಚ್ಚಿ ಮನಸ್ಸಿನಲ್ಲೇ ಹರಸಿದೆ. ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಪೆಟ್ಟಿಗೆ ಅಕ್ಕನ ಕೈ ಸೇರಿತು. ಅವಳು ತಮ್ಮನ ಬೆವರಿದ ಮುಖ ನೋಡಿ, "ಸೆಕೆ ಜಾಸ್ತಿ ಅಲ್ವಾ" ಎಂದಳಷ್ಟೆ.

ಊಟ ಮುಗಿಸಿ, ಸಂಜೀವಣ್ಣನಿಗೆ ಬುತ್ತಿ ಕಟ್ಟಿಸಿಕೊಂಡು ನಾವು ಹಿರಿಯಡ್ಕದಲ್ಲಿ ಇಳಿದಾಗ ಮೂರು ಗಂಟೆ. ಅವರು ಸ್ಟೂಲನ್ನು ತಂದು ಕಾರಿನ ನೆರಳಿನಲ್ಲೇ ಕುಳಿತಿದ್ದರು. ಮಣಿಪಾಲದವರು ಬಂದು ಬ್ಯಾಟರಿ ಬದಲಿಸಿ ಹೋಗಿದ್ದರು.

"ಹೊಸ ಬ್ಯಾಟರಿ ಹಾಕಿದರೆ ಸಾಲದಂತೆ. ಹಾಕಿದ್ದೇವೆ ಅಂತ ಲ್ಯಾಪ್‌ಟಾಪಿನಲ್ಲಿ ಕಾರಿಗೆ ತಿಳಿಸಬೇಕಂತೆ" ಎಂದು ಸಂಜೀವಣ್ಣ ಮಗುವಿನ ತುಂಟತನ ಹೇಳುವಂತೆ ಹೇಳಿದರು. "ಬಂದವರು ಕೇಳಿದರು, ಇದೆಲ್ಲ ಇಲ್ಲದೆ ನೀವು ದೋಷ ಹೇಗೆ ಹುಡುಕ್ತಿದ್ದಿರಿ ಅಂತ. ಗಾಡಿಯವರ ಹತ್ತಿರ ಕೇಳ್ತಿದ್ದೆವು ಅಂದೆ."

ಬುತ್ತಿ ಕೊಟ್ಟೆ. ಹಳೆಯ ಕಾರನ್ನು ಹೇಳದೆ ಮಾರಿದ್ದು ತಪ್ಪಾಯಿತೆಂದು ಹೇಗೋ ಹೇಳಿದೆ.

"ಕಾರು ನಿಮ್ಮದು, ಮಾರಿದಿರಿ. ಅದಕ್ಕೆ ನನಗೆಂತ ಬೇಸರ?" ಬುತ್ತಿಯ ಗಂಟನ್ನು ಬಿಚ್ಚತೊಡಗಿದರು. "ಕಿಟಕಿ ಏರಿಸ್ಕೊಂಡು ಹೋಗ್ತಿದ್ದಿರಲ್ಲ, ಅದಕ್ಕೆ ಬೇಸರ ಆಗ್ತಿತ್ತು."

ಅಂದಿನಿಂದ ಪ್ರತಿ ಶುಕ್ರವಾರ ಕಾಲೇಜಿನಿಂದ ಮರಳುವಾಗ ಅಲ್ಲಿ ನಿಲ್ಲುತ್ತೇನೆ. ಕಾರಿನಲ್ಲಿ ಅವರಿಗೆ ಮಾಡಲು ಕೆಲಸವಿಲ್ಲ, ನನಗೂ ಇಲ್ಲ. ಎರಡು ಲೋಟ ಚಹಾಕ್ಕೆ ಅದೇನೂ ಅಡ್ಡಿಯಲ್ಲ. ಮೊದಲ ಶುಕ್ರವಾರ ಅವರು "ಹೇಗುಂಟು?" ಎಂದರು. ನಾನು ಸ್ಟಾರ್ಟಿಂಗ್ ಸರಿಯಾಗಿದೆ, ಏಸಿ ಮಾತ್ರ ಸ್ವಲ್ಪ ಸದ್ದು ಮಾಡುತ್ತದೆ ಎಂದು ವಿವರವಾಗಿ ವರದಿ ಒಪ್ಪಿಸತೊಡಗಿದೆ. ಅವರು ಕೈಯೆತ್ತಿ ತಡೆದರು.

"ಕಾರಲ್ಲ ಮಾಸ್ಟ್ರೇ, ನೀವು."