ನಿಂತರೆ ನಿಂತೇಹೋಗುವ ಕಾರು

ಕೆಂಪು ದೀಪದೆದುರು ನಿಂತ ಕಾರು ಸುಮ್ಮನೆ ನಿಂತಿರುವುದಿಲ್ಲ, ನಿಂತಲ್ಲಿಯೂ ಅದರ ಹೊಟ್ಟೆಯೊಳಗೊಂದು ಉದ್ಯೋಗ ನಡೆದೇ ಇರುತ್ತದೆ ಎಂಬ ಸಂಗತಿ ನನಗೆ ಐವತ್ತು ದಾಟಿದ ಮೇಲೂ ಬಹುಕಾಲ ತಿಳಿದಿರಲಿಲ್ಲ. ಅಲ್ಲಿಯವರೆಗೆ ನಾನು ಎಡಗಡೆಯ ಸೀಟಿನ ಪ್ರಜೆ. ಸಿಗ್ನಲ್ ಬಿದ್ದೊಡನೆ ಬ್ಯಾಗಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಳ್ಳುವುದು, ಮುಂದಿನ ಆಟೋದ ಬೆನ್ನಿಗೆ ಬರೆದ ಶಾಯರಿಯನ್ನು ಓದಿ ಅರ್ಧಂಬರ್ಧ ಅರ್ಥ ಮಾಡಿಕೊಂಡು ಪೂರ್ತಿ ತಲೆದೂಗುವುದು, ಇಷ್ಟೇ ನನ್ನ ಕರ್ತವ್ಯಗಳು. ಎಂಜಿನ್ನಿನ ಯೋಗಕ್ಷೇಮವನ್ನು ವಿಚಾರಿಸುವ ಪ್ರಮೇಯವೇ ಬಂದಿರಲಿಲ್ಲ.

ಅದು ಬಂದದ್ದು ನಮ್ಮವರ ಕಣ್ಣಿನ ಮೂಲಕ. ಅವರು ಮಡಿಕೇರಿ ಕಡೆಯವರು. ಸೈನ್ಯದಲ್ಲಿ ವೈರ್‌ಲೆಸ್ ಸಂದೇಶಗಳ ವಿಭಾಗದಲ್ಲಿದ್ದು ನಿವೃತ್ತರಾದ ಮೇಲೆ ನಾವು ದಿಲ್ಲಿಯ ಪೀತಮ್‌ಪುರದಲ್ಲೇ ಉಳಿದೆವು. ಕಳೆದ ಚಳಿಗಾಲದಲ್ಲಿ ಅವರ ಬಲಗಣ್ಣಿನ ಒಳಪರದೆ ಕಳಚಿಕೊಂಡು ತುರ್ತಾಗಿ ಶಸ್ತ್ರಚಿಕಿತ್ಸೆ ಆಯಿತು. ತಾವು ಹೇಳುವವರೆಗೆ ಸ್ಟಿಯರಿಂಗ್ ಮುಟ್ಟಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಆಸ್ಪತ್ರೆಗೆ ಟ್ಯಾಕ್ಸಿಯಲ್ಲೇ ಹೋಗಿಬರಬಹುದಿತ್ತು, ಕೆಲಕಾಲ ಹೋಗಿಬಂದದ್ದೂ ಉಂಟು. ಆದರೆ ಕಪ್ಪು ಕನ್ನಡಕ ಹಾಕಿಕೊಂಡು ದಿನಾ ಬೆಳಗ್ಗೆ ಕೆಳಗಿಳಿದು, ಎಲ್ಲಿಗೂ ಹೋಗದ ಕಾರಿನ ಧೂಳನ್ನು ಒರೆಸಿ, ಸುಮ್ಮನೆ ಅದರ ಪಕ್ಕ ನಿಂತಿರುತ್ತಿದ್ದ ಆ ಮನುಷ್ಯನನ್ನು ಬಾಲ್ಕನಿಯಿಂದ ನೋಡುವುದು ನನ್ನಿಂದಾಗಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಸೇರಿಬಿಟ್ಟೆ.

ಕಾರಿಗೂ ಕಡಿಮೆ ವಯಸ್ಸೇನಲ್ಲ. ದಿಲ್ಲಿಯಲ್ಲಿ ಪೆಟ್ರೋಲ್ ಕಾರಿಗೆ ಹದಿನೈದು ವರ್ಷ ತುಂಬಿತೆಂದರೆ ಕಾನೂನಿನ ಪ್ರಕಾರವೇ ವಾನಪ್ರಸ್ಥ; ನಮ್ಮದು ಆ ಆಶ್ರಮದ ಹೊಸ್ತಿಲಿನ ಸಮೀಪದಲ್ಲಿತ್ತು. ಲೈಸೆನ್ಸ್ ಕೈಗೆ ಬಂದು, ನಮ್ಮವರನ್ನು ನನ್ನ ಎಡಕ್ಕೆ ಕೂರಿಸಿಕೊಂಡು ಹೊರಟ ಮೊದಲ ವಾರದಲ್ಲೇ ತೊಂದರೆ ಆರಂಭವಾಯಿತು. ಓಡುವಾಗ ಸರಿಯಾಗಿಯೇ ಓಡುವ ಗಾಡಿ, ಸಿಗ್ನಲ್ಲಿಗೆ ಬಂದು ನಿಂತೊಡನೆ ಜ್ವರ ಬಂದವರಂತೆ ಒಮ್ಮೆ ನಡುಗಿ, ಆರಿಹೋಗುತ್ತಿತ್ತು. "ಗಾಡಿ ಬಂದ್" ಎಂದರೆ ಗಾಡಿ ಬಂದಿತು ಎಂದಲ್ಲ, ಇನ್ನು ಬರುವುದಿಲ್ಲ ಎಂದು ಅರ್ಥ ಎಂಬುದು ಹಿಂದಿಗೂ ಕನ್ನಡಕ್ಕೂ ಇರುವ ಕ್ರೂರವಾದ ವ್ಯತ್ಯಾಸ. ಹಸಿರು ದೀಪ ಬಿದ್ದ ಮೇಲೆ ದಿಲ್ಲಿಯ ಜನ ಕೊಡುವ ಕಾಲಾವಕಾಶ ಎಷ್ಟೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ಹಿಂದಿನಿಂದ ಹಾರನ್ನುಗಳ ಸಮೂಹಗಾನ; ಪಕ್ಕದಲ್ಲಿ ನಮ್ಮವರ ಶಾಂತ ಸ್ವರದ ಒಂದೇ ತೀರ್ಪು: ನೀನು ಕ್ಲಚ್ ಬೇಗ ಬಿಟ್ಟೆ.

ನಾನೂ ಅದನ್ನೇ ನಂಬಿದೆ. ಹೊಸಬರಿಗಿರುವ ಒಂದು ವಿಚಿತ್ರ ವಿನಯ ಇದು. ಮದುವೆಯಾಗಿ ಈ ಕಡೆಗೆ ಬಂದ ಹೊಸದರಲ್ಲಿ ತರಕಾರಿ ಗಾಡಿಯ ಭಯ್ಯಾ ಒಬ್ಬನಿಗೆ ನನ್ನ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಹೀರೆಕಾಯಿ ಕೇಳಿದರೆ ಹಾಗಲಕಾಯಿ ಕೊಡುತ್ತಿದ್ದ. ನನ್ನ ಹಿಂದಿಯಲ್ಲಿ ಸ್ತ್ರೀಲಿಂಗ ಪುಲ್ಲಿಂಗಗಳು ಅದಲುಬದಲಾದದ್ದರ ಶಿಕ್ಷೆಯೆಂದು ತಿಳಿದು, ಕೊಟ್ಟದ್ದನ್ನೇ ತಂದು ಗೊಜ್ಜು ಮಾಡುತ್ತಿದ್ದೆ. ಎಷ್ಟೋ ಕಾಲದ ಮೇಲೆ ತಿಳಿಯಿತು, ಅವನು ಒಡಿಶಾದವನು, ಅವನ ಹಿಂದಿಯೂ ನನ್ನದರಷ್ಟೇ ಎಳೆಯದು. ಅವನು ತಪ್ಪು ತನ್ನದೆಂದೂ ನಾನು ತಪ್ಪು ನನ್ನದೆಂದೂ ನಾಚಿಕೊಂಡು, ನಡುವೆ ಹಾಗಲಕಾಯಿಯೊಂದೇ ನಿರಾಳವಾಗಿ ಕೈ ಬದಲಾಯಿಸುತ್ತಿತ್ತು.

ಮಾರುಕಟ್ಟೆಯ ಹಿಂದಿನ ಮೆಕ್ಯಾನಿಕ್‌ಗೂ ತೋರಿಸಿದೆವು. ಗಾಡಿ "ಮಿಸ್ಸಿಂಗ್" ಮಾಡುತ್ತಿದೆ, "ಐಡ್ಲಿಂಗ್" ಸರಿಯಿಲ್ಲ ಎಂದ. ಎದುರಿಗೇ ನಿಂತಿರುವ ಗಾಡಿ ಕಾಣೆಯಾದದ್ದು ಹೇಗೆಂದೂ, ಇಡ್ಲಿಯ ಬಂಧುವಿನಂತಿರುವ ಈ ಪದಾರ್ಥ ಯಾವುದೆಂದೂ ನಾನು ಯೋಚಿಸುತ್ತಿರುವಾಗ ಸ್ಪಾರ್ಕ್ ಪ್ಲಗ್ ಬದಲಿಸಿ ಕಳಿಸಿಕೊಟ್ಟ. ತುಸು ಸುಧಾರಿಸಿದಂತೆ ಕಂಡು, ಮತ್ತೆ ಅದೇ ಹಾಡು. ಎರಡನೆಯ ಸಲ ಹೋದಾಗ, ಗಾಡಿ ಓಡಿಸುವವರು ಯಾರೆಂದು ವಿಚಾರಿಸಿ, ನಾನೆಂದು ತಿಳಿದು, ಮುಗುಳ್ನಕ್ಕು, ಕ್ಲಚ್ ನಿಧಾನ ಬಿಡಿ ಮಾತಾಜಿ ಎಂದ. ಕೆಳಮನೆಯ ಗುಪ್ತಾಜಿ ಮಾತ್ರ ಪೆಟ್ರೋಲಿನ ಮೇಲೆ ಅನುಮಾನಪಟ್ಟರು. ಆದರೆ ಅವರು ಹಾಲು, ಗೋಧಿಹಿಟ್ಟು, ಅಳಿಯ ಎಲ್ಲದರಲ್ಲೂ ಕಲಬೆರಕೆಯನ್ನು ಕಾಣುವವರಾದ್ದರಿಂದ ಆ ಮಾತಿಗೆ ಬೆಲೆ ಬರಲಿಲ್ಲ.

ಕಡೆಗೊಂದು ಸಂಜೆ ರಿಂಗ್ ರೋಡಿನ ನಟ್ಟನಡುವೆ ಗಾಡಿ ಆರಿಹೋಗಿ, ಹಿಂದಿದ್ದ ಬಸ್ಸು ಕೂದಲೆಳೆಯ ಅಂತರದಲ್ಲಿ ನಿಂತಿತು. ಮನೆಗೆ ಬಂದು ಇಬ್ಬರೂ ಚಹಾ ಕುಡಿಯುವಾಗ ನಮ್ಮವರು ಮೆಲ್ಲಗೆ, ಇದನ್ನು ಕೊಟ್ಟುಬಿಡೋಣ ಎಂದರು. ಕಾರನ್ನು ಮಾರುವ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾದದ್ದು. ಭಾನುವಾರ ಯಾರೋ ನೋಡಲು ಬರುವುದೆಂದೂ ನಿಶ್ಚಯವಾಯಿತು.

ಅದಕ್ಕೆ ಮೊದಲು ಒಂದು ಬೆಳಗ್ಗೆ ಔಷಧಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚೀಟಿಗಾಗಿ ಬ್ಯಾಗಿನಲ್ಲಿ ತಡಕಾಡುತ್ತಿದ್ದೆ. ಎಂಜಿನ್ ಇನ್ನೂ ಆರಿಸಿರಲಿಲ್ಲ. ಗಾಡಿ ಎಂದಿನಂತೆ ನಡುಗಿತು, ಆರಿತು. ಕೆಳಗೆ ನೋಡಿಕೊಂಡೆ. ಕ್ಲಚ್ಚಿನ ಮೇಲೆ ನನ್ನ ಕಾಲೇ ಇರಲಿಲ್ಲ.

ಮನೆಗೆ ಬಂದು ಹೇಳಿದರೆ, ಗೇರು ಪೂರ್ತಿ ನ್ಯೂಟ್ರಲ್‌ಗೆ ಬಂದಿರಲಿಕ್ಕಿಲ್ಲ, ಗೊತ್ತಿಲ್ಲದೆ ಕ್ಲಚ್ಚಿನಿಂದ ಕಾಲು ತೆಗೆದಿರಬಹುದೆಂದು ನಮ್ಮವರು ಸಮಾಧಾನ ಹೇಳಿದರು. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಸಾಕ್ಷ್ಯಾಧಾರವಿಲ್ಲದೆ ಗೆದ್ದ ವಾದ ನನ್ನ ಬಳಿ ಒಂದೂ ಇಲ್ಲ. ಆದ್ದರಿಂದ ಅವರನ್ನು ಕೂರಿಸಿಕೊಂಡು, ಎಂಜಿನ್ ಚೆನ್ನಾಗಿ ಬಿಸಿಯಾಗಲೆಂದು ಬಡಾವಣೆಯನ್ನು ಸುತ್ತಿ, ಪಾರ್ಕಿನ ಪಕ್ಕ ನಿಲ್ಲಿಸಿದೆ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಆಮೇಲೆ ಚಪ್ಪಲಿ ಕಳಚಿ, ಸೀಟನ್ನು ಹಿಂದಕ್ಕೆ ತಳ್ಳಿ, ಎರಡೂ ಕಾಲನ್ನು ಮೇಲಕ್ಕೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತೆ. ಮಂಡಿಯೊಂದು ಸ್ಟಿಯರಿಂಗಿಗೆ ತಾಗಿ ನೋಯುತ್ತಿತ್ತು. ಪಾರ್ಕಿಗೆ ವಾಕಿಂಗ್ ಬಂದವರು ನಿಂತು ನೋಡಿ ಮುಂದೆ ಹೋದರು.

"ಇದೇನಿದು?" ಎಂದರು ನಮ್ಮವರು.

"ನನ್ನ ಕಾಲು ನೋಡ್ತಾ ಇರಿ," ಎಂದೆ.

ಅವರು ಕಪ್ಪು ಕನ್ನಡಕ ತೆಗೆದು, ಎಡಗಣ್ಣನ್ನು ಕಿರಿದು ಮಾಡಿ ನನ್ನ ಪಾದಗಳನ್ನು ನೋಡುತ್ತ ಕೂತರು. ಎಂಜಿನ್ ಸ್ವಲ್ಪ ಹೊತ್ತು ಗೌರವದಿಂದ ನಡೆದುಕೊಂಡಿತು. ಈ ದಿನವೇ ಇದು ಸರಿಹೋಗಿಬಿಟ್ಟರೆ ಗತಿಯೇನೆಂದು, ಕಾರು ಕೆಡಲೆಂದು ಪ್ರಾರ್ಥಿಸಿದ ಮೊದಲ ಒಡತಿ ಬಹುಶಃ ನಾನೇ. ಆಮೇಲೆ ಸಣ್ಣಗೆ ಅದುರಿತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ವೇಗ ತೋರಿಸುವ ಮುಳ್ಳು ಇಳಿಯಿತು, ಏರಲು ನೋಡಿತು, ಮಲಗಿತು.

"ಅಚ್ಛಾ," ಎಂದರು. ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, "ಇಷ್ಟು ದಿನ ತಪ್ಪೆಲ್ಲಾ ನಿನ್ನ ಮೇಲೆ ಹಾಕಿದೆ, ವಿಜಯಾ."

ನಾನು ಕಾಲಿಳಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಅವರು ಇಳಿದು ಬಾನೆಟ್ ಎತ್ತಿ, ಬಗ್ಗಿ, ಕಣ್ಣು ಮುಚ್ಚಿದರು. ಇರುವ ಗದ್ದಲದೊಳಗಿಂದ ಬೇಕಾದ ಒಂದು ದನಿಯನ್ನು ಹೆಕ್ಕಿಕೊಳ್ಳುವುದೇ ಅವರ ಜೀವಮಾನದ ಕೆಲಸವಾಗಿತ್ತು. ಎಲ್ಲೋ ಗಾಳಿ ಎಳೆಯುವ ಶಬ್ದ ಇದೆ, ಸುಯ್ ಅಂತ, ಎಡಗಡೆಯಲ್ಲಿ ಎಂದರು. ಆದರೆ ಎಲ್ಲಿಂದೆಂದು ಹುಡುಕಲು ಅವರ ಕಣ್ಣಿಗೆ ಆಗುತ್ತಿರಲಿಲ್ಲ. ದುಪಟ್ಟಾ ಬಿಗಿದು ಕಟ್ಟಿಕೋ, ಫ್ಯಾನಿನ ಹತ್ತಿರ ಕೈ ಬೇಡ ಎಂದು ಎಚ್ಚರಿಸಿ ನನ್ನನ್ನು ಮುಂದೆ ಬಿಟ್ಟರು. ಅವರು ದಿಕ್ಕು ಹೇಳಿದಂತೆ ನಾನು ಬಗ್ಗಿ ಹುಡುಕಿದೆ. ಬೆರಳಿನಷ್ಟು ದಪ್ಪದ ರಬ್ಬರ್ ಕೊಳವೆಯೊಂದು ತಿರುವಿನಲ್ಲಿ ಚಳಿಗಾಲದ ಹಿಮ್ಮಡಿಯಂತೆ ಒಡೆದಿತ್ತು. ಬಿರುಕಿನ ಮೇಲೆ ಬೆರಳಿಟ್ಟು ಒತ್ತಿದೆ. ಸುಯ್ ಎನ್ನುವುದು ನಿಂತಿತು. ನಡುಕವೂ ನಿಂತು, ಇಡೀ ಗಾಡಿ ಒಂದೇ ಶ್ರುತಿಗೆ ಬಂತು. ಬೆರಳು ತೆಗೆದರೆ ನಡುಕ, ಇಟ್ಟರೆ ನೆಮ್ಮದಿ. ಕೈಗೆ ಬಿಸಿ ತಾಗುತ್ತಿದ್ದರೂ ಬೇಕೆಂದೇ ಇನ್ನಷ್ಟು ಸಲ ಇಟ್ಟು ತೆಗೆದೆ.

ಓಡುವಾಗ ಎಂಜಿನ್ ದೊಡ್ಡ ಉಸಿರು ಎಳೆಯುತ್ತದೆ, ಇಷ್ಟು ಸಣ್ಣ ಸೋರಿಕೆ ಅದಕ್ಕೆ ಲೆಕ್ಕವಿಲ್ಲ; ನಿಂತಾಗ, ಅಂದರೆ ಮೆಕ್ಯಾನಿಕ್ ಹೇಳಿದ ಐಡ್ಲಿಂಗ್‌ನಲ್ಲಿ, ಉಸಿರೇ ಚಿಕ್ಕದು, ಅಳತೆ ಮೀರಿ ಒಳಬಂದ ಅಷ್ಟೇ ಗಾಳಿ ಅದನ್ನು ಕೆಡಿಸುತ್ತದೆ ಎಂದು ನಮ್ಮವರು ವಿವರಿಸಿದರು. ಆ ಚಳಿಗಾಲವೆಲ್ಲ ಮನೆಯಲ್ಲೇ ನಿಂತುಬಿಟ್ಟಿದ್ದ ಅವರು, ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೂ ಮಗಳು ಫೋನ್ ತಡ ಮಾಡಿದ್ದಕ್ಕೂ ಕುದಿಯುತ್ತಿದ್ದದ್ದು ನನಗೆ ಆಗ ಅರ್ಥವಾಯಿತು. ಹೇಳಲಿಲ್ಲ, ಹೇಳಿದ್ದರೆ ಎಂಜಿನ್ ಬಿಟ್ಟು ನನ್ನ ಮೇಲೆ ಕುದಿಯುತ್ತಿದ್ದರು.

ಮೆಕ್ಯಾನಿಕ್ ಹೊಸ ಕೊಳವೆ ಹಾಕಿಕೊಟ್ಟ. ಭಾನುವಾರ ಬರಬೇಕಿದ್ದವರಿಗೆ ಬರುವುದು ಬೇಡವೆಂದು ನಮ್ಮವರೇ ಫೋನ್ ಮಾಡಿದರು. ಹೆಂಡತಿ ಓಡಿಸುತ್ತಿದ್ದಾಳೆ, ಅವಳಿಗೆ ಗಾಡಿ ಬೇಕು ಎಂದು ಹಿಂದಿಯಲ್ಲಿ ಹೇಳಿದ್ದು ಅಡುಗೆಮನೆಗೆ ಕೇಳಿಸಿತು.

ಸೆಕೆ ಹೆಚ್ಚುತ್ತಿದ್ದಂತೆ ಡಾಕ್ಟರು ಕಣ್ಣನ್ನು ಪರೀಕ್ಷಿಸಿ, ಹಗಲು ಹೊತ್ತು ಸ್ವಲ್ಪ ಸ್ವಲ್ಪ ಓಡಿಸಿ ನೋಡಬಹುದೆಂದರು. ಆಸ್ಪತ್ರೆಯ ಹೊರಗೆ ಕೀಲಿ ಕೊಡುವಾಗ ನನ್ನ ಕೈ ಒಂದು ಕ್ಷಣ ಜಿಪುಣವಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಅವರು ಬಲಕ್ಕೆ ಕೂತರು, ನಾನು ನನ್ನ ಹಳೆಯ ಪ್ರಜಾಸ್ಥಾನಕ್ಕೆ ಮರಳಿದೆ. ನಿಧಾನವಾಗಿ, ಬಹಳ ನಿಧಾನವಾಗಿ ಹೊರಟೆವು. ಮೆಟ್ರೋ ಕಂಬಗಳ ಸಾಲಿನ ಕೆಳಗೆ ಇ-ರಿಕ್ಷಾವೊಂದು ಅಡ್ಡ ಬಂದಾಗ ಅವರು ಅಗತ್ಯಕ್ಕಿಂತ ಬಹಳ ಮೊದಲೇ ಬ್ರೇಕ್ ಒತ್ತಿದರು. ಮುಂದೆ ಇನ್ನೊಂದಕ್ಕೆ ತೀರ ತಡವಾಗಿ. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಚೌಕ ದಾಟಿದ ಮೇಲೆ ಅವರು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು.

"ದೂರ ಎಷ್ಟು ಅಂತ ಇನ್ನೂ ಸರಿಯಾಗಿ ತಿಳೀತಿಲ್ಲ," ಎಂದರು. "ನೀನೇ ನಡೆಸು."

ಇಬ್ಬರೂ ಇಳಿದೆವು. ಅವರು ಬಾನೆಟ್ಟಿನ ಮುಂದಿನಿಂದ ಈ ಕಡೆಗೆ ಬರುವಾಗ, ನಾನು ಆ ಕಡೆಗೆ ಹೋಗುವಾಗ, ಎದುರಾದಲ್ಲಿ ಒಂದು ಗಳಿಗೆ ಅವರ ತೋಳು ಹಿಡಿದುಕೊಂಡೆ. ಎಂಜಿನ್ ಆರಿಸಲು ಇಬ್ಬರಿಗೂ ನೆನಪಾಗಿರಲಿಲ್ಲ. ನಾವು ಸೀಟು ಬದಲಾಯಿಸಿ, ಬೆಲ್ಟು ಹಾಕಿಕೊಂಡು, ಕನ್ನಡಿ ಸರಿಮಾಡಿಕೊಳ್ಳುವವರೆಗೂ ಅದು ಅದುರದೆ, ಅವಸರಪಡಿಸದೆ, ಕಾಯುತ್ತಿತ್ತು.